"ಮಾರಿಕಣಿವೆ ಕೋಡಿ ಬಿತ್ತಲ್ಲ ಸರ್, ಮತ್ತೆ ಬರ ಜಾಸ್ತಿ ಆಗುತ್ತೆ ಅಂತೀರಲ್ಲ?" ಈ ಪ್ರಶ್ನೆಗೆ ನೀವಾದರೆ ಏನು ಹೇಳುತ್ತಿದ್ದಿರಿ?

ವೇದಾವತಿ ಮೇಷ್ಟ್ರು (ಸಂಜೆ 6:12)

ಎಲ್ಲರಿಗೂ ನಮಸ್ಕಾರ. ನಾನು ಮಾರಿಕಣಿವೆ (ವಾಣಿ ವಿಲಾಸ ಸಾಗರ) ಜಲಾಶಯ ಇರುವ ಹಿರಿಯೂರು ಕಡೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮೊನ್ನೆ 9ನೇ ತರಗತಿಯಲ್ಲಿ ನಡೆದದ್ದನ್ನು ಹೇಳಿ ನಿಮ್ಮ ಸಲಹೆ ಕೇಳಬೇಕಿತ್ತು.

ವಾಯುಗುಣದ ಪಾಠ ನಡೆಯುತ್ತಿತ್ತು. ಪುಸ್ತಕದಲ್ಲಿ ಇರುವುದರ ಜೊತೆ ಎರಡು ಮಾತು ಸೇರಿಸೋಣ ಅಂತ, ಭೂಮಿ ಬಿಸಿಯಾಗುತ್ತಿದೆ, ನಮ್ಮಂಥ ಬಯಲುಸೀಮೆಗೆ ಬರ ಇನ್ನೂ ಜಾಸ್ತಿ ಆಗಬಹುದು ಅಂದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದಿತ್ತಂತೆ. ನಮ್ಮಜ್ಜ ಕೂಡ ಅದನ್ನ ನೋಡಿಲ್ಲ, ಅವರಪ್ಪ ಹೇಳಿದ್ದು ಕೇಳಿದ್ದಾರೆ ಅಷ್ಟೆ. ನಾವು 2022ರಲ್ಲಿ ನೋಡಿದ್ವಿ. 2025ರ ಜನವರಿಯಲ್ಲಿ ಮತ್ತೆ ಬಿತ್ತು. ಹಂಗಾದ್ರೆ ನಮಗೆ ಮಳೆ ಜಾಸ್ತಿ ಆಗ್ತಿದೆ ಅಲ್ವಾ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಬೆಲ್ ಆಯಿತು. "ಸೋಮವಾರ ಹೇಳ್ತೀನಿ ಕೂರಮ್ಮ" ಅಂದೆ.

ಮನೆಗೆ ಬಂದರೂ ಅದೇ ತಲೆಯಲ್ಲಿ. 2022ರಲ್ಲಿ ಕಣಿವೆ ತುಂಬಿದ್ದು ನಿಜ. ಮರುವರ್ಷ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿದ್ದೂ ನಿಜ. ಈ ಎರಡನ್ನೂ ಒಟ್ಟಿಗೆ ಹದಿನಾಲ್ಕು ವರ್ಷದ ಮಗುವಿಗೆ ಹೇಗೆ ಹೇಳುವುದು? ನಲವತ್ತು ನಿಮಿಷದ ಪೀರಿಯಡ್‌ನಲ್ಲಿ? ನೀವೆಲ್ಲ ಇದನ್ನು ಹೇಗೆ ಕಲಿಸುತ್ತೀರಿ?

ಪಿಯುಸಿ ಫಿಸಿಕ್ಸ್ (6:40)

ಸರ್, ಮೊದಲು ಆ ಹುಡುಗಿಗೆ ಶಭಾಷ್ ಹೇಳಿ. ಕಂಡದ್ದನ್ನು ಕೇಳಿದ್ದಕ್ಕೆ ಹೋಲಿಸಿ ನೋಡಿದ್ದಾಳೆ.

ನಾನು ಹೇಳುವುದು ಬಿಂದಿಗೆ ಲೆಕ್ಕ. ಗಾಳಿ 1 ಡಿಗ್ರಿ ಬಿಸಿಯಾದರೆ ಅದು ಹಿಡಿದುಕೊಳ್ಳಬಲ್ಲ ನೀರಾವಿ ಸುಮಾರು ಶೇ. 7 ಹೆಚ್ಚುತ್ತದೆ. ಅಂದರೆ ಆಕಾಶದ ಬಿಂದಿಗೆ ದೊಡ್ಡದಾಗುತ್ತಿದೆ. ದೊಡ್ಡ ಬಿಂದಿಗೆ ತುಂಬಲು ಹೆಚ್ಚು ದಿನ ಬೇಕು. ಅಷ್ಟೂ ದಿನ ಅದು ನೆಲ, ಕೆರೆ, ಗಿಡ ಎಲ್ಲದರಿಂದ ನೀರು ಎಳೆದುಕೊಳ್ಳುತ್ತಲೇ ಇರುತ್ತದೆ. ಅದೇ ಒಣಹವೆ. ಕೊನೆಗೆ ತುಂಬಿ ಮಗುಚಿತು ಅಂದರೆ ಹಿಂದಿಗಿಂತ ಜೋರಾಗಿ ಸುರಿಯುತ್ತದೆ. ಬರವೂ ನೆರೆಯೂ ಒಂದೇ ಬಿಂದಿಗೆಯಿಂದ ಬರುತ್ತವೆ.

ಆದ್ದರಿಂದ "ಬರ ಜಾಸ್ತಿ ಆಗುತ್ತೆ" ಅನ್ನುವುದಕ್ಕಿಂತ "ಏರುಪೇರು ಜಾಸ್ತಿ ಆಗುತ್ತೆ" ಅನ್ನುವುದು ಸರಿ. ಇದನ್ನು ತರಗತಿಯಲ್ಲಿ ನೀವೇ ತಿದ್ದಿಕೊಂಡರೆ ಮಕ್ಕಳಿಗೆ ನಿಮ್ಮ ಮೇಲೆ ನಂಬಿಕೆ ಹೆಚ್ಚುತ್ತದೆ. ನನ್ನ ಅನುಭವ ಇದು.

ಕಾಲುವೆ ಪಕ್ಕದವ (6:58)

ಒಂದು ವಿಷಯ ಬಿಟ್ಟುಹೋಗಿದೆ. ಮಾರಿಕಣಿವೆ ತುಂಬಿದ್ದು ಬರೀ ಮಳೆಯಿಂದಲ್ಲ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರಾ ನೀರನ್ನು ಎತ್ತಿ, ಅಜ್ಜಂಪುರದ ಸುರಂಗ ದಾಟಿಸಿ ಈ ಕಣಿವೆಗೆ ನೀರು ತರುವ ವೇದಾವತಿ ನದಿಗೆ ಬಿಡಲು ಶುರುವಾಗಿ 2022ಕ್ಕೆ ಆಗಲೇ ಕೆಲವು ವರ್ಷ ಆಗಿತ್ತು. ಆ ವರ್ಷ ಮಳೆಯೂ ಜೋರಾಗಿತ್ತು, ಅದು ಬೇರೆ. ಆದರೆ 1933ರ ಕೋಡಿಗೂ 2022ರ ಕೋಡಿಗೂ ನೇರ ಹೋಲಿಕೆ ಮಾಡುವ ಹಾಗಿಲ್ಲ. ಆಗ ಭದ್ರೆಯ ನೀರು ಅಲ್ಲಿಗೆ ಬರುತ್ತಿರಲಿಲ್ಲ.

ವೇದಾವತಿ ಮೇಷ್ಟ್ರು (7:05)

ಅಯ್ಯೋ, ಹೌದಲ್ಲ! ಊರಲ್ಲೇ ಇದ್ದು ಇದು ಹೊಳೆಯಲಿಲ್ಲ. ತುಂಬಾ ಉಪಕಾರ ಆಯ್ತು ಅಣ್ಣ. ಹಾಗಾದರೆ ಮೊದಲ ಪಾಠವೇ ಇದು: ಕಣಿವೆಯ ನೀರು ಎಲ್ಲೆಲ್ಲಿಂದ ಬರುತ್ತೆ?

ಎಲ್ ನಿನೋ (7:11)

ಹೆಸರಿಗೆ ತಕ್ಕ ಹಾಗೆ ನಾನು ಬರಲೇಬೇಕು. 2022ರಲ್ಲಿ ಪೆಸಿಫಿಕ್ ಸಾಗರದಲ್ಲಿ ಲಾ ನಿನಾ ಇತ್ತು, ಅಂದರೆ ಅಲ್ಲಿನ ಮೇಲ್ಮೈ ನೀರು ಎಂದಿಗಿಂತ ತಂಪಾಗಿತ್ತು. ಹಾಗಿದ್ದಾಗ ನಮಗೆ ಮುಂಗಾರು ಸಾಮಾನ್ಯವಾಗಿ ಚೆನ್ನಾಗಿರುತ್ತದೆ. 2023ರಲ್ಲಿ ಎಲ್ ನಿನೋ ಬಂತು, ಅಂದರೆ ಆ ನೀರು ಎಂದಿಗಿಂತ ಬಿಸಿಯಾಯಿತು, ಮಳೆ ಕೈಕೊಟ್ಟಿತು. ಇವು ಮೊದಲಿನಿಂದಲೂ ಬಂದು ಹೋಗುತ್ತಿರುವಂಥವು. ಭೂಮಿ ಬಿಸಿಯಾಗುತ್ತಿರುವುದು ಇವುಗಳ ಮೇಲೆ ಇನ್ನೊಂದು ಪದರ ಇದ್ದ ಹಾಗೆ. ಒಂದು ಬರ ತೋರಿಸಿ "ನೋಡಿ, ಇದೇ ಹವಾಮಾನ ಬದಲಾವಣೆ" ಅಂದುಬಿಟ್ಟರೆ ಮರುವರ್ಷ ಒಳ್ಳೆ ಮಳೆ ಬಂದಾಗ ಮಕ್ಕಳು "ಹಂಗಾದ್ರೆ ಅದು ಹೋಯ್ತಾ?" ಅಂತ ಕೇಳುತ್ತಾರೆ. ಕೇಳಲೇಬೇಕು.

ಮುದ್ದೆ ಊರು (7:30)

ಅರ್ಧ ಗೊಂದಲ ಹುಟ್ಟುವುದು ಪದದಿಂದಲೇ. ನಮ್ಮ ಪಠ್ಯಪುಸ್ತಕದಲ್ಲಿ ದಿನದಿನದ್ದು "ಹವಾಮಾನ", ದೀರ್ಘಕಾಲದ್ದು "ವಾಯುಗುಣ". ಪತ್ರಿಕೆ, ಟಿವಿ ನೋಡಿದರೆ "ಹವಾಮಾನ ಬದಲಾವಣೆ", "ಹವಾಮಾನ ವೈಪರೀತ್ಯ". ಮಗು ಪುಸ್ತಕ ನಂಬಿದರೆ "ಹವಾಮಾನ ದಿನಾ ಬದಲಾಗುತ್ತೆ, ಅದರಲ್ಲೇನು ವಿಶೇಷ?" ಅಂತ ಕೇಳುತ್ತದೆ. ಅದರ ತಪ್ಪೇನೂ ಇಲ್ಲ.

ನಾನು ಊಟದ ಲೆಕ್ಕ ಹೇಳುತ್ತೇನೆ. ಇವತ್ತು ಮನೆಯಲ್ಲಿ ಏನು ಅಡುಗೆ ಅನ್ನುವುದು ಹವಾಮಾನ. ನಮ್ಮದು ಮುದ್ದೆ ಊರು, ಆಚೆ ರೊಟ್ಟಿ ಊರು, ಕೆಳಗಡೆ ಅನ್ನದ ಊರು, ಇದು ವಾಯುಗುಣ. ಮುದ್ದೆ ಊರಲ್ಲೂ ಹಬ್ಬಕ್ಕೆ ಹೋಳಿಗೆ ಮಾಡುತ್ತಾರೆ. ಅಷ್ಟಕ್ಕೇ ಅದು ಹೋಳಿಗೆ ಊರಾಗಲ್ಲ. ಆದರೆ ಮೂವತ್ತು ವರ್ಷದ ಲೆಕ್ಕ ನೋಡಿದಾಗ ವಾರಕ್ಕೆ ಏಳು ದಿನ ಇದ್ದ ಮುದ್ದೆ ಎರಡು ದಿನಕ್ಕೆ ಇಳಿದಿದ್ದರೆ ಊರೇ ಬದಲಾಗಿದೆ ಅಂತ ಅರ್ಥ. ವಿಜ್ಞಾನಿಗಳು 30 ವರ್ಷದ ಸರಾಸರಿ ನೋಡುವುದೂ ಅದಕ್ಕೇ.

ಬಿ.ಎಡ್. ಎರಡನೇ ವರ್ಷ (7:34)

ಈ ಊಟದ ಉದಾಹರಣೆಯನ್ನ ನನ್ನ ಪಾಠ ಯೋಜನೆಗೆ ತಗೊಳ್ಳಬಹುದಾ ಸರ್?

ಮುದ್ದೆ ಊರು (7:35)

ಧಾರಾಳವಾಗಿ ತಗೊಳ್ಳಿ ತಾಯಿ.

ಒಬ್ಬ ತಂದೆ (7:52)

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಮಗ 8ನೇ ತರಗತಿ. ಭಾಗಾಕಾರ ಸರಿಯಾಗಿ ಬರಲ್ಲ. ಕನ್ನಡದ ಒಂದು ಪುಟ ಓದಲು ಒದ್ದಾಡುತ್ತಾನೆ. ಇರುವ ಪಾಠವೇ ಮುಗಿಯುತ್ತಿಲ್ಲ. ಮೇಲಿಂದ ಇದೊಂದು ಹೊಸ ಹೊರೆ ಯಾಕೆ? ಹವಾಮಾನ ಮೊದಲಿಂದಲೂ ಬದಲಾಗುತ್ತಲೇ ಇದೆ. ಹಿಮಯುಗ ಬರಲಿಲ್ವಾ? ಹೋಗಲಿಲ್ವಾ?

ಪಿಯುಸಿ ಫಿಸಿಕ್ಸ್ (8:10)

ಬಂತು, ಹೋಯ್ತು, ನಿಜ. ಆದರೆ ವೇಗ ನೋಡಿ ಸರ್. ಅಂಟಾರ್ಕ್ಟಿಕಾದ ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದ ಹಳೆಯ ಗಾಳಿಯ ಗುಳ್ಳೆಗಳನ್ನು ಅಳೆದಿದ್ದಾರೆ. 8 ಲಕ್ಷ ವರ್ಷಗಳಲ್ಲಿ ಹತ್ತು ಲಕ್ಷ ಭಾಗ ಗಾಳಿಗೆ ಇಂಗಾಲದ ಡೈಆಕ್ಸೈಡ್ ಸುಮಾರು 180ರಿಂದ 300 ಭಾಗದ ನಡುವೆಯೇ ಇತ್ತು. ಹಿಮಯುಗಗಳೆಲ್ಲ ಅದರೊಳಗೇ ನಡೆದವು. ಕಾರ್ಖಾನೆಗಳ ಕಾಲಕ್ಕೆ ಮುಂಚೆ 280 ಇತ್ತು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿ ದ್ವೀಪದ ಮೌನಾ ಲೋವಾದಲ್ಲಿ ಅಳೆಯಲು ಶುರು ಮಾಡಿದಾಗ 315ರ ಆಸುಪಾಸು. ಈಗ 420 ದಾಟಿದೆ. ಸಾವಿರಾರು ವರ್ಷದಲ್ಲಿ ಆಗುವ ಬದಲಾವಣೆ ಮೂರ್ನಾಲ್ಕು ತಲೆಮಾರಿನಲ್ಲಿ ಆಗಿದೆ.

ನಿವೃತ್ತ ಹೆಡ್‌ಮೇಷ್ಟ್ರು (8:25)

ಆ ತಂದೆಯವರ ಮಾತನ್ನು ತಳ್ಳಿಹಾಕಬೇಡಿ. 34 ವರ್ಷ ಪಾಠ ಮಾಡಿದವನು ಹೇಳುತ್ತಿದ್ದೇನೆ, ಅವರ ಸಂಕಟ ನಿಜವಾದದ್ದು.

ಆದರೆ ಸ್ವಾಮಿ, ಇದು ಹೊಸದಾಗಿ ಬಂದ ಹೊರೆ ಅಲ್ಲ. ಶಾಲೆಗಳಲ್ಲಿ ಪರಿಸರ ಶಿಕ್ಷಣ ಕಡ್ಡಾಯ ಆಗಬೇಕು ಅಂತ ಸುಪ್ರೀಂ ಕೋರ್ಟ್ ವಕೀಲ ಎಂ.ಸಿ. ಮೆಹ್ತಾ ಹಾಕಿದ ಪ್ರಕರಣದಲ್ಲಿ ಹೇಳಿದ್ದು 1991ರಲ್ಲಿ. ಸರಿಯಾಗಿ ಜಾರಿ ಆಗಲಿಲ್ಲ ಅಂತ 2003ರಲ್ಲಿ ಮತ್ತೆ ಹೇಳಬೇಕಾಯಿತು. ನಾವು ಅದನ್ನು ಮಾಡಿದ್ದು ಹೇಗೆ ಅಂದರೆ ಇನ್ನೊಂದು ಪುಸ್ತಕ, ಇನ್ನೊಂದು ಪ್ರಾಜೆಕ್ಟ್, ಇನ್ನೊಂದು ಚಾರ್ಟ್. ಹಾಗೆ ಮಾಡಿದರೆ ಹೊರೆಯೇ ಸರಿ.

ಈಗ ನಿಮ್ಮ ಮಗನ ಭಾಗಾಕಾರಕ್ಕೆ ಬರೋಣ. ಒಂದು ತಿಂಗಳು ಶಾಲೆಯಲ್ಲಿ ಮಳೆ ಅಳೆಯಲಿ. ಒಟ್ಟು ಎಷ್ಟು, ಎಷ್ಟು ದಿನ ಬಂತು, ದಿನಕ್ಕೆ ಸರಾಸರಿ ಎಷ್ಟು, ಅವನೇ ಕೂಡಿಸಿ ಭಾಗಿಸಲಿ. 1 ಮಿಲಿಮೀಟರ್ ಮಳೆ ಅಂದರೆ 1 ಚದರ ಮೀಟರ್ ಜಾಗದಲ್ಲಿ 1 ಲೀಟರ್ ನೀರು. ಶಾಲೆಯ ಚಾವಣಿ 100 ಚದರ ಮೀಟರ್ ಇದ್ದು 10 ಮಿಲಿಮೀಟರ್ ಮಳೆ ಬಂದರೆ 1,000 ಲೀಟರ್. "ಅಷ್ಟೂ ನೀರು ಚರಂಡಿಗೆ ಹೋಯ್ತಾ ಸರ್?" ಅಂತ ನನ್ನ ಮಕ್ಕಳು ಕೇಳಿದ್ದು ಇನ್ನೂ ನೆನಪಿದೆ. ಆ ವರ್ಷವೇ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ತೊಟ್ಟಿ ಕಟ್ಟಿಸಿಕೊಟ್ಟರು.

ಒಬ್ಬ ತಂದೆ (8:41)

ಹೀಗೆ ಮಾಡುವುದಾದರೆ ನನ್ನ ತಕರಾರಿಲ್ಲ ಸರ್. ನನ್ನ ಮಗನ ಶಾಲೆಯಲ್ಲಿ ಹೀಗೆ ನಡೆಯುತ್ತಿಲ್ಲ. ಚಾರ್ಟ್ ಮಾಡಿಸುತ್ತಾರೆ. ಅದನ್ನು ರಾತ್ರಿ ಕೂತು ಅವನ ಅಮ್ಮ ಬರೆಯುತ್ತಾಳೆ.

ಸಿಬಿಎಸ್‌ಇ ಸೈನ್ಸ್ ಟೀಚರ್ (8:50)

ಅಮ್ಮ ಬರೆಯುವ ಚಾರ್ಟ್ ಎಲ್ಲ ಕಡೆಯೂ ಇದೆ, ಖಾಸಗಿ ಶಾಲೆಯಲ್ಲೂ.

ನನ್ನ ತಲೆನೋವು ಓಝೋನ್. ಭೂಮಿ ಯಾಕೆ ಬಿಸಿಯಾಗುತ್ತಿದೆ ಅಂತ ಕೇಳಿದರೆ ಅರ್ಧ ತರಗತಿ "ಓಝೋನ್ ಪದರದಲ್ಲಿ ತೂತು ಬಿದ್ದಿದೆ, ಅಲ್ಲಿಂದ ಬಿಸಿಲು ಬರುತ್ತಿದೆ" ಅಂತ ಬರೆಯುತ್ತದೆ. ಯಾಕೆ ಹೀಗೆ ಅಂತ ಪುಸ್ತಕ ತೆಗೆದು ನೋಡಿದೆ. 2022ರಲ್ಲಿ ನಮ್ಮ ಪುಸ್ತಕ ಮಾಡುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ ಪಠ್ಯ ಕಡಿತ ಮಾಡಿದಾಗ 10ನೇ ತರಗತಿಯ ವಿಜ್ಞಾನದಿಂದ "ಶಕ್ತಿಯ ಆಕರಗಳು" ಪಾಠ ಹೋಯಿತು. ಕಲ್ಲಿದ್ದಲು, ಪೆಟ್ರೋಲ್, ಸೋಲಾರ್ ಎಲ್ಲ ಇದ್ದದ್ದು ಅದರಲ್ಲಿ. "ನಮ್ಮ ಪರಿಸರ" ಪಾಠ ಉಳಿಯಿತು. ಓಝೋನ್ ಇರುವುದು ಅದರಲ್ಲಿ! ಮಕ್ಕಳು ತಮಗೆ ಗೊತ್ತಿರುವ ಒಂದೇ ಕಾರಣ ಬರೆಯುತ್ತಾರೆ, ಪಾಪ.

ನಾನು ಈಗ ಎರಡನ್ನೂ ಬೇರೆ ಮಾಡಿ ಕಲಿಸುತ್ತೇನೆ. ಓಝೋನ್ ಕೊಡೆ. ಅದು ಅತಿನೇರಳೆ ಕಿರಣ ತಡೆಯುತ್ತದೆ. ಇಂಗಾಲದ ಡೈಆಕ್ಸೈಡ್, ನೀರಾವಿಯಂಥ ಅನಿಲಗಳು ಕಂಬಳಿ. ಕಂಬಳಿ ಬಿಸಿ ಹುಟ್ಟಿಸಲ್ಲ, ನಮ್ಮ ಮೈಯ ಬಿಸಿಯನ್ನೇ ಹೊರಗೆ ಬಿಡದೆ ಇಟ್ಟುಕೊಳ್ಳುತ್ತದೆ. ಕಂಬಳಿಯೇ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರುತ್ತಿತ್ತು. ಇದೆ ಅಂತಲೇ 15ರ ಆಸುಪಾಸು ಇದೆ. ಕಂಬಳಿ ಬೇಕು. ಈಗ ಅದು ದಪ್ಪ ಆಗುತ್ತಿದೆ, ಅದೇ ತೊಂದರೆ.

ಸೊಗಡು ಅವರೆ (9:02)

ಕಂಬಳಿಗೆ ನಮ್ಮೂರಲ್ಲೇ ಸಾಕ್ಷಿ ಇದೆ ಮೇಡಂ. ಮೋಡ ಕವಿದ ರಾತ್ರಿ ಸೆಖೆ. ಆಕಾಶ ತಿಳಿಯಾಗಿದ್ದ ರಾತ್ರಿ ಚಳಿ, ಬೆಳಿಗ್ಗೆ ಹೊಲದ ತುಂಬಾ ಮಂಜು. ಮೋಡ, ನೀರಾವಿ ಎರಡೂ ನೆಲದ ಬಿಸಿಯನ್ನು ತಡೆಯುತ್ತವೆ. ಇದು ಹಳ್ಳಿಯ ಪ್ರತಿ ಮಗುವಿಗೂ ಗೊತ್ತು. "ಯಾಕೆ?" ಅಂತ ಕೇಳಿದರೆ ಸಾಕು.

ಮಂಜು ಬಿದ್ದರೆ ಅವರೆಕಾಯಿಗೆ ಸೊಗಡು. ಈಗ ಡಿಸೆಂಬರ್‌ನಲ್ಲೂ ಎಷ್ಟೋ ದಿನ ಮೋಡ. ಸೊಗಡು ಹಿಡಿಯುತ್ತಿಲ್ಲ ಅಂತ ನಮ್ಮಮ್ಮ ಗೊಣಗುತ್ತಾರೆ.

ಹಿತಕವರೆ ಪ್ರಿಯೆ (9:06)

ಸೊಗಡಿಲ್ಲದ ಅವರೆಕಾಯಿಗೆ ಈಗ ಕೆ.ಜಿ.ಗೆ ಎಷ್ಟು ಹೇಳುತ್ತಾರೆ ಗೊತ್ತಾ? ವರ್ಷಪೂರ್ತಿ ಸಿಗುವ ತಳಿ ಬಂದಮೇಲೆ ಆ ವಾಸನೆಯೇ ಇಲ್ಲ.

ಸೊಗಡು ಅವರೆ (9:08)

ಅದು ತಳಿಯ ವಿಷಯ, ಒಪ್ಪಿದೆ. ಎಲ್ಲವನ್ನೂ ಮಂಜಿನ ಮೇಲೆ ಹಾಕಲ್ಲ.

ಬಿ.ಎಡ್. ಎರಡನೇ ವರ್ಷ (9:15)

ಯೂಟ್ಯೂಬ್‌ನಲ್ಲಿ ಒಂದು ಪ್ರಯೋಗ ನೋಡಿದೆ. ಎರಡು ಬಾಟಲಿ. ಒಂದರಲ್ಲಿ ಅಡುಗೆ ಸೋಡಾ, ವಿನೆಗರ್ ಹಾಕಿ ಇಂಗಾಲದ ಡೈಆಕ್ಸೈಡ್ ತುಂಬುವುದು. ಎರಡನ್ನೂ ಬಿಸಿಲಲ್ಲಿ ಇಟ್ಟರೆ ಅದು ಜಾಸ್ತಿ ಬಿಸಿಯಾಗುತ್ತದೆ. ಮಕ್ಕಳಿಗೆ ತೋರಿಸಲು ಚೆನ್ನಾಗಿದೆ ಅಲ್ವಾ?

ಪಿಯುಸಿ ಫಿಸಿಕ್ಸ್ (9:24)

ನೋಡಲು ಚೆನ್ನಾಗಿದೆ, ಆದರೆ ಕಾರಣ ತಪ್ಪು. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ. ಬಾಟಲಿಯೊಳಗೆ ಅದು ಸುಲಭವಾಗಿ ಮೇಲೆ ಕೆಳಗೆ ಓಡಾಡಿ ಬಿಸಿಯನ್ನು ಹೊರಗೆ ಸಾಗಿಸುವುದಿಲ್ಲ. ಹೆಚ್ಚಿನ ಬಿಸಿ ಬರುವುದು ಅದರಿಂದ. ವಾತಾವರಣದಲ್ಲಿ ನಡೆಯುವುದು ಬೇರೆ. ನೆಲದಿಂದ ಏಳುವ, ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಕಿರಣವನ್ನು ಅನಿಲ ಹೀರಿಕೊಳ್ಳುತ್ತದೆ. ಅಷ್ಟು ಚಿಕ್ಕ ಬಾಟಲಿಯಲ್ಲಿ ಅದರ ಪಾಲು ತೀರಾ ಕಡಿಮೆ. ಫಲಿತಾಂಶ ಹೊಂದುತ್ತದೆ ಅಂತ ತಪ್ಪು ಕಾರಣ ಕಲಿಸಬೇಡಿ. ಮೋಡದ ರಾತ್ರಿಯ ಉದಾಹರಣೆಯೇ ನೂರು ಪಾಲು ಮೇಲು.

ಗಾಳಿಯ ಈ ಗುಣ ಗೊತ್ತಾಗಿದ್ದು ನಿನ್ನೆ ಮೊನ್ನೆ ಅಲ್ಲ. 1859ರಲ್ಲಿ ಜಾನ್ ಟಿಂಡಾಲ್ ಅಳೆದು ತೋರಿಸಿದರು. ಅದಕ್ಕೂ ಮೂರು ವರ್ಷ ಮೊದಲೇ ಯೂನಿಸ್ ಫೂಟ್ ಅನ್ನುವ ಅಮೆರಿಕದ ಹೆಣ್ಣುಮಗಳು ಗಾಜಿನ ಕೊಳವೆಗಳನ್ನು ಬಿಸಿಲಲ್ಲಿಟ್ಟು, ಇಂಗಾಲದ ಡೈಆಕ್ಸೈಡ್ ತುಂಬಿದ್ದೇ ಹೆಚ್ಚು ಬಿಸಿಯಾಗುತ್ತದೆ ಅಂತ ಬರೆದಿದ್ದರು. ಹುಡುಗಿಯರಿಗೆ ಈ ಹೆಸರು ಹೇಳಿ.

ಕಲಬುರಗಿ ಬಿಸಿಲು (9:40)

ನೀವು ಮಂಜು, ಅವರೆಕಾಯಿ ಅಂತೀರಿ. ನಮ್ಮ ಕಡೆ ಬಂದು ನೋಡಿ. ತಗಡಿನ ಚಾವಣಿ, ಮಾರ್ಚ್ ತಿಂಗಳು, ಪರೀಕ್ಷೆ. ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ 8ಕ್ಕೆ ತೆಗೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತಾರೆ. ಮಗುವಿಗೆ ಹಿಮಕರಡಿ ಚಿತ್ರ ತೋರಿಸಿ "ಪಾಪ, ಅದರ ಮನೆ ಕರಗುತ್ತಿದೆ" ಅಂದರೆ ಏನು ತಟ್ಟುತ್ತದೆ? ಅದರದೇ ಅಂಗಿ ಬೆವರಿಗೆ ಬೆನ್ನಿಗೆ ಅಂಟಿರುತ್ತದೆ.

ನಾವು ಒಂದು ಕೆಲಸ ಮಾಡಿದೆವು. ಎರಡು ತಗಡಿನ ಕೋಣೆಗಳಲ್ಲಿ ಒಂದರ ಮೇಲೆ ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿ ಬಳಿದೆವು. ಮೇಲೆ ಹತ್ತಿದ್ದು ನಾನು ಮತ್ತು ಎಸ್‌ಡಿಎಂಸಿ ಅಧ್ಯಕ್ಷರು, ಮಕ್ಕಳನ್ನು ಹತ್ತಿಸಲಿಲ್ಲ. ಎರಡೂ ಕೋಣೆಯಲ್ಲಿ ಥರ್ಮಾಮೀಟರ್ ನೇತುಹಾಕಿ ಮಕ್ಕಳು ಹತ್ತು ದಿನ ಬರೆದುಕೊಂಡರು. ಸುಣ್ಣ ಬಳಿದ ಕೋಣೆ ಮಧ್ಯಾಹ್ನದ ಹೊತ್ತಿಗೆ ಮೂರು ಡಿಗ್ರಿ ತಂಪು. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ ಅಂತ ನಾನು ಹೇಳಲೇ ಇಲ್ಲ, ಅವರೇ ಹೇಳಿದರು. ಈಗ ಊರಲ್ಲಿ ಏಳೆಂಟು ಮನೆ ತಗಡಿಗೆ ಸುಣ್ಣ ಬಿದ್ದಿದೆ.

ವೇದಾವತಿ ಮೇಷ್ಟ್ರು (9:44)

ಸರ್, ಇದು ಎಂಥಾ ಕೆಲಸ! ಮಳೆ ಬಂದಮೇಲೆ ಸುಣ್ಣ ನಿಲ್ಲುತ್ತಾ?

ಕಲಬುರಗಿ ಬಿಸಿಲು (9:49)

ಪೂರ್ತಿ ನಿಲ್ಲಲ್ಲ. ಪ್ರತಿ ಫೆಬ್ರವರಿಯಲ್ಲಿ ಬಳಿಯಬೇಕು. ಖರ್ಚು ಕಡಿಮೆ.

ಇಬ್ಬರು ಮಕ್ಕಳ ಅಮ್ಮ (10:05)

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ನನ್ನ ದೊಡ್ಡ ಮಗಳಿಗೆ ಹತ್ತು ವರ್ಷ. ಶಾಲೆಯಲ್ಲಿ ಯಾವುದೋ ವಿಡಿಯೋ ತೋರಿಸಿದ್ದಾರೆ. ಊರು ಮುಳುಗುವುದು, ಕಾಡು ಉರಿಯುವುದು, ಜೊತೆಗೆ ಭಯ ಹುಟ್ಟಿಸುವ ಸಂಗೀತ. ಆ ರಾತ್ರಿ ನನ್ನ ಪಕ್ಕ ಬಂದು ಮಲಗಿದಳು. "ಅಮ್ಮ, ನಾನು ದೊಡ್ಡವಳಾಗೋದ್ರೊಳಗೆ ಎಲ್ಲ ಮುಗಿದುಹೋಗುತ್ತಾ?" ಅಂತ ಕೇಳಿದಳು. ನಾನು ಸುಮ್ನೆ ತಬ್ಬಿಕೊಂಡೆ. ಏನು ಹೇಳಬೇಕಿತ್ತು? ಕಲಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಹೀಗೆ ಕಲಿಸಬೇಡಿ.

ಮುದ್ದೆ ಊರು (10:12)

ಓದಿ ಕರುಳು ಚುರುಕ್ ಅಂತು ಅಕ್ಕ.

ಸಿಬಿಎಸ್‌ಇ ಸೈನ್ಸ್ ಟೀಚರ್ (10:20)

ನಿಮ್ಮ ಮಗಳು ಒಬ್ಬಳೇ ಅಲ್ಲ ಅಂತ ಗೊತ್ತಿರಲಿ. 2021ರಲ್ಲಿ ಭಾರತವೂ ಸೇರಿ 10 ದೇಶಗಳ 10,000 ಯುವಜನರನ್ನು ಕೇಳಿದ ಒಂದು ಸಮೀಕ್ಷೆ ಬಂತು. ಶೇ. 59 ಜನ ಇದರ ಬಗ್ಗೆ ತುಂಬಾ ಚಿಂತೆ ಇದೆ ಅಂದಿದ್ದರು.

ನಾನು ಓಝೋನ್ ಕಥೆಯನ್ನು ಇದಕ್ಕೇ ಉಳಿಸಿಕೊಳ್ಳುತ್ತೇನೆ. ಫ್ರಿಜ್, ಸ್ಪ್ರೇ ಡಬ್ಬಿಗಳ ಅನಿಲದಿಂದ ಓಝೋನ್ ತೆಳುವಾಗುತ್ತಿದೆ ಅಂತ ಗೊತ್ತಾಯಿತು. 1987ರಲ್ಲಿ ದೇಶಗಳು ಮಾಂಟ್ರಿಯಲ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಆ ಅನಿಲಗಳನ್ನು ನಿಲ್ಲಿಸುತ್ತಾ ಬಂದರು. ಈಗ ಪದರ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ದೊಡ್ಡವರು ಒಮ್ಮೆ ಸೇರಿ ಕೆಲಸ ಮಾಡಿದ್ದಾರೆ ಅಂತ ಮಗುವಿಗೆ ಗೊತ್ತಾದರೆ ಎದೆ ಸ್ವಲ್ಪ ಹಗುರ ಆಗುತ್ತದೆ. ಇದು ಸುಳ್ಳು ಸಮಾಧಾನ ಅಲ್ಲ, ನಡೆದ ಸಂಗತಿ.

ಶಕ್ತಿನಗರದ ಹುಡುಗ (10:31)

ಇನ್ನೊಂದು ವಿಷಯಕ್ಕೆ ನನಗೆ ಸಿಟ್ಟಿದೆ. ನಾನು ಓದುವಾಗ ಮೇಷ್ಟ್ರು "ಭೂಮಿ ಉಳಿಸಲು ಲೈಟ್ ಆರಿಸಿ" ಅಂತ ಪ್ರತಿಜ್ಞೆ ಮಾಡಿಸುತ್ತಿದ್ದರು. ನನ್ನ ಪಕ್ಕ ಕೂರುತ್ತಿದ್ದವನ ಮನೆಯಲ್ಲಿ ಇದ್ದದ್ದು ಭಾಗ್ಯಜ್ಯೋತಿಯ ಒಂದೇ ಬಲ್ಬು. ಅವನು ಯಾವುದನ್ನು ಆರಿಸಬೇಕಿತ್ತು? ಕಿಟಕಿಯಿಂದ ನೋಡಿದರೆ ಕಲ್ಲಿದ್ದಲು ಉರಿಸುವ ಥರ್ಮಲ್ ಸ್ಥಾವರದ ಚಿಮಣಿ. ಆ ವಿದ್ಯುತ್ ಎಲ್ಲೆಲ್ಲಿಗೋ ಹೋಗುತ್ತಿತ್ತು, ಬೂದಿ ನಮಗೆ ಉಳಿಯುತ್ತಿತ್ತು.

ಲೆಕ್ಕ ಹೇಳಿ ಮಕ್ಕಳಿಗೆ. ವರ್ಷಕ್ಕೆ ಭಾರತದ ಒಬ್ಬರ ಪಾಲಿಗೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅಮೆರಿಕದ ಒಬ್ಬರ ಪಾಲಿಗೆ ಅದರ ಏಳು ಪಟ್ಟು. ನಮ್ಮ 2 ಟನ್ ಕೂಡ ಸರಾಸರಿ ಅಷ್ಟೆ. ಬೆಂಗಳೂರಿನ ಎರಡು ಕಾರಿನ ಮನೆ, ರಾಯಚೂರಿನ ಒಂದು ಬಲ್ಬಿನ ಮನೆ ಎರಡೂ ಅದರಲ್ಲಿವೆ.

ನ್ಯೂಜೆರ್ಸಿ ಕನ್ನಡಿಗ (10:45)

ಅಮೆರಿಕದಲ್ಲಿ ಇರುವವನು ಹೇಳುತ್ತಿದ್ದೇನೆ, ಆ ಸಿಟ್ಟು ನ್ಯಾಯವಾದದ್ದು. ಇಲ್ಲಿನ ಮಕ್ಕಳಿಗೂ ಇದು ಗೊತ್ತಾಗಬೇಕು.

ನಮ್ಮ ನ್ಯೂಜೆರ್ಸಿ ರಾಜ್ಯದಲ್ಲಿ 2022ರಿಂದ ಎಲ್ಲ ತರಗತಿಗಳಿಗೂ ಹವಾಮಾನ ಬದಲಾವಣೆಯ ಪಾಠ ಸೇರಿಸಿದ್ದಾರೆ. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಇದೇ. ಬೇರೆ ಪುಸ್ತಕ ಮಾಡಿಲ್ಲ. ವಿಜ್ಞಾನ, ಸಮಾಜ, ಚಿತ್ರಕಲೆ, ದೈಹಿಕ ಶಿಕ್ಷಣ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಬರುತ್ತದೆ. ನನ್ನ ಮಗನಿಗೆ "ಮನೆಯ ಹಿರಿಯರನ್ನು ಕೇಳಿ ಬರೆಯಿರಿ" ಅಂತ ಮನೆಪಾಠ ಕೊಟ್ಟರು. ಅವನು ತೀರ್ಥಹಳ್ಳಿಯಲ್ಲಿರುವ ಅಜ್ಜನಿಗೆ ವಿಡಿಯೋ ಕಾಲ್ ಮಾಡಿದ. ಅಜ್ಜ ಒಂದು ಗಂಟೆ ಮಳೆ ನಕ್ಷತ್ರದ ಬಗ್ಗೆ ಮಾತಾಡಿದರು. "ಆರಿದ್ರೆ ಮಳೆಗೆ ನಾವು ಹೊಳೆ ದಾಟುತ್ತಲೇ ಇರಲಿಲ್ಲ, ಈಗ ಮೊಣಕಾಲು ಮುಳುಗಲ್ಲ" ಅಂದರು. ಮಗ ಅದನ್ನೇ ಇಂಗ್ಲಿಷಿನಲ್ಲಿ ಬರೆದುಕೊಂಡು ಹೋದ.

ಅಡಿಕೆ ತೋಟ (10:58)

ಅಜ್ಜ ಹೇಳಿದ್ದು ಸರಿ. ನಮ್ಮ ಮಕ್ಕಳಿಗೆ ಮೊದಲು ಮಳೆ ನಕ್ಷತ್ರ ಕಲಿಸಿ. "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" ಅಂತ ಗೊತ್ತಿದ್ದ ಮನೆಗಳಲ್ಲೇ ಈಗ ನಕ್ಷತ್ರದ ಹೆಸರು ಮರೆತಿದ್ದಾರೆ. ಮಳೆ ಬಿಡದೆ ಹಿಡಿದರೆ ಕೊಳೆ ರೋಗ. ಔಷಧಿ ಹೊಡೆಯಲು ನಡುವೆ ಬಿಸಿಲು ಬೇಕು, ಆ ಬಿಸಿಲು ಯಾವಾಗ ಬರುತ್ತದೆ ಅಂತ ಈಗ ಹೇಳಲು ಆಗುತ್ತಿಲ್ಲ. ಜೊತೆಗೆ ಎಲೆಚುಕ್ಕಿ ರೋಗ.

ಎಲ್ ನಿನೋ (11:03)

ನಕ್ಷತ್ರ ನೋಡಿ ಮಳೆ ಹೇಳುವುದು ವಿಜ್ಞಾನ ಅಲ್ಲ ಅಣ್ಣ. ಶಾಲೆಯಲ್ಲಿ ಅದನ್ನು ಕಲಿಸಬಾರದು.

ಅಡಿಕೆ ತೋಟ (11:05)

ನಕ್ಷತ್ರ ಮಳೆ ತರುತ್ತದೆ ಅಂತ ಯಾರು ಹೇಳಿದರು? ನಮಗೆ ಅದು ಪಂಚಾಂಗದ ತಾರೀಖು. ಯಾವಾಗ ಬಿತ್ತಬೇಕು, ಮಳೆ ತಾಗದ ಹಾಗೆ ಅಡಿಕೆ ಗೊನೆಗೆ ಯಾವಾಗ ಕೊಟ್ಟೆ (ಹೊದಿಕೆ) ಕಟ್ಟಬೇಕು ಅಂತ ತಿಳಿಯಲು.

ಪಿಯುಸಿ ಫಿಸಿಕ್ಸ್ (11:15)

ಇಬ್ಬರೂ ತಾಳ್ಮೆಯಿಂದ ಕೇಳಿ. ಮಳೆ ನಕ್ಷತ್ರ ಅಂದರೆ ಸೂರ್ಯನ ದಾರಿಯನ್ನು 27 ಭಾಗ ಮಾಡಿದ ಕ್ಯಾಲೆಂಡರ್. ಒಂದೊಂದಕ್ಕೆ ಸುಮಾರು 13ರಿಂದ 14 ದಿನ. ರೋಹಿಣಿ ಮೇ 25ರ ಹೊತ್ತಿಗೆ, ಆರಿದ್ರೆ ಜೂನ್ 22ರ ಹೊತ್ತಿಗೆ. ಈ ಲೆಕ್ಕ ಋತುವಿಗೆ ಹೋಲಿಸಿದರೆ ಜಾರುವುದು ಸುಮಾರು 70 ವರ್ಷಕ್ಕೆ ಒಂದು ದಿನ. ಹಾಗಾಗಿ ಅಜ್ಜನ ಆರಿದ್ರೆಯೂ ಮೊಮ್ಮಗನ ಆರಿದ್ರೆಯೂ ಹೆಚ್ಚು ಕಡಿಮೆ ಒಂದೇ ತಾರೀಖು. ಆದ್ದರಿಂದ ಹೋಲಿಕೆಗೆ ತುಂಬಾ ಒಳ್ಳೆಯದು. "ಆರಿದ್ರೆಯಲ್ಲಿ ಆಗ ಎಷ್ಟು ಮಳೆ, ಈಗ ಎಷ್ಟು?" ಅಂತ ಕೇಳಬಹುದು.

ಒಂದೇ ಎಚ್ಚರಿಕೆ. ಹಿರಿಯರ ನೆನಪು ಜೋರು ಮಳೆಯನ್ನು ಉಳಿಸಿಕೊಂಡು ಸಾಧಾರಣ ಮಳೆಯನ್ನು ಮರೆಯುತ್ತದೆ. ನೆನಪಿನ ಪಕ್ಕದಲ್ಲಿ ಅಳತೆ ಇಡಿ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇವೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವು. ರೈತರಿಗೆ "ವರುಣಮಿತ್ರ" ಸಹಾಯವಾಣಿಯೂ ಅವರದೇ. ನಿಮ್ಮ ಪಂಚಾಯಿತಿಯ ಅಂಕಿ ಕೇಳಿ ಪಡೆಯಿರಿ.

ಅಡಿಕೆ ತೋಟ (11:18)

ಇದು ಸರಿ ಮೇಡಂ. ನಮ್ಮಪ್ಪ 1980ರಿಂದ ಡೈರಿಯಲ್ಲಿ ಮಳೆ ಇಂಚು ಬರೆದಿಟ್ಟಿದ್ದಾರೆ. ಊರಿನ ಶಾಲೆಗೆ ಕೊಡುತ್ತೇನೆ. ಈವರೆಗೆ ಯಾರೂ ಕೇಳಿರಲಿಲ್ಲ.

ಎಲ್ ನಿನೋ (11:20)

45 ವರ್ಷದ ಮಳೆ ದಾಖಲೆ! ಅಣ್ಣ, ನನ್ನ ಮಾತು ವಾಪಸ್ ತಗೊಂಡೆ. ಮೊದಲು ಅದರ ಫೋಟೋ ತೆಗೆದಿಡಿ, ಗೆದ್ದಲು ಹಿಡಿಯುವ ಮುಂಚೆ.

ನಿವೃತ್ತ ಹೆಡ್‌ಮೇಷ್ಟ್ರು (ಮರುದಿನ ಬೆಳಿಗ್ಗೆ 6:30)

ರಾತ್ರಿ ಇಷ್ಟೆಲ್ಲ ನಡೆದಿದೆ! ಜೂನ್ 5ರ ಪರಿಸರ ದಿನಕ್ಕೆ ಸಸಿ ನೆಡುವ ಬಗ್ಗೆ ಇನ್ನೂ ಯಾರೂ ಮಾತಾಡಿಲ್ಲ, ಆಶ್ಚರ್ಯ. ನನಗೆ ಅದರ ಮೇಲೆ ದ್ವೇಷ ಇಲ್ಲ. ಆದರೆ ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ಬೆಳೆಸಿದ 385 ಆಲದ ಮರಗಳ ಪಾಠ ಮಾಡುವಾಗ ಮಕ್ಕಳಿಗೆ ನಾನು ಒತ್ತಿ ಹೇಳುತ್ತಿದ್ದದ್ದು ಅವರು ಕೊಡದಲ್ಲಿ ಹೊತ್ತ ನೀರಿನ ಬಗ್ಗೆ. ನೆಡುವುದು ಒಂದು ದಿನದ ಕೆಲಸ. ನೀರು ಹೊರುವುದು ವರ್ಷಗಟ್ಟಲೆಯ ಕೆಲಸ.

ಸಿಬಿಎಸ್‌ಇ ಸೈನ್ಸ್ ಟೀಚರ್ (7:15)

ಸಸಿ ನೆಟ್ಟರೆ ಎಲ್ಲ ಸರಿಹೋಗುತ್ತೆ ಅನ್ನುವುದನ್ನೂ ಲೆಕ್ಕ ಹಾಕಿ ತೋರಿಸಬೇಕು ಸರ್. 1 ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತದೆ. 1 ಲೀಟರ್ ಡೀಸೆಲ್ ತೂಕವೇ 1 ಕೆ.ಜಿ. ಇಲ್ಲ, 2.7 ಎಲ್ಲಿಂದ ಬಂತು ಅಂತ ನನ್ನ ಮಕ್ಕಳು ಜಗಳ ಮಾಡಿದರು. ಗಾಳಿಯ ಆಮ್ಲಜನಕ ಬಂದು ಸೇರಿಕೊಳ್ಳುತ್ತದೆ ಅಂತ ಕೊನೆಗೆ ಒಬ್ಬ ಹೇಳಿದ. ಆಮೇಲೆ ಶಾಲಾ ಬಸ್ಸಿನ ಒಂದು ವಾರದ ಡೀಸೆಲ್ ಬಿಲ್ ತಂದು ಲೆಕ್ಕ ಹಾಕಿದೆವು. ಮರ ಬೇಕೇ ಬೇಕು, ನೆರಳಿಗೆ, ಮಣ್ಣಿಗೆ, ಹಕ್ಕಿಗೆ. ಆದರೆ ಬಸ್ಸಿನ ಹೊಗೆಗೆ ಉತ್ತರ ಬಸ್ಸಿನಲ್ಲೇ ಹುಡುಕಬೇಕು.

ಕರಾವಳಿಯವಳು (7:40)

ನಮ್ಮ ಕಡೆ ಕಡಲ್ಕೊರೆತ ನೋಡಲು ಮಕ್ಕಳನ್ನು ಉಳ್ಳಾಲದ ಕಡೆ ಕರೆದುಕೊಂಡು ಹೋಗಿದ್ದೆವು. ಒಬ್ಬ ಮೀನುಗಾರ ಹುಡುಗ, ಎಂಟನೇ ತರಗತಿ, ಬೂತಾಯಿ ಮೀನು ಯಾವ ತಿಂಗಳು ಸಿಗುತ್ತಿತ್ತು, ಈಗ ಯಾವಾಗ ಸಿಗುತ್ತದೆ ಅಂತ ನನಗಿಂತ ಚೆನ್ನಾಗಿ ಹೇಳಿದ. ತರಗತಿಯಲ್ಲಿ ಅವನು ಬಾಯಿ ಬಿಡುವವನೇ ಅಲ್ಲ.

ವೇದಾವತಿ ಮೇಷ್ಟ್ರು (ಸೋಮವಾರ ಸಂಜೆ 5:50)

ಎಲ್ಲರಿಗೂ ಕೈಮುಗಿದು ಹೇಳುತ್ತೇನೆ, ಇವತ್ತಿನ ಪೀರಿಯಡ್ ನನ್ನ ಕೆಲಸದಲ್ಲೇ ಒಳ್ಳೆಯದು.

ಮೊದಲು ಆ ಹುಡುಗಿಯ ಪ್ರಶ್ನೆಯನ್ನು ಬೋರ್ಡ್ ಮೇಲೆ ಬರೆದೆ. "ಹೋದ ಸಲ ನಾನು ಅರ್ಧ ಹೇಳಿದ್ದೆ, ಇವತ್ತು ತಿದ್ದಿಕೊಳ್ಳುತ್ತೇನೆ" ಅಂದೆ. ಕಣಿವೆಗೆ ನೀರು ಎಲ್ಲಿಂದ ಬರುತ್ತೆ ಅಂತ ಕೇಳಿದಾಗ ಭದ್ರಾ ನೀರಿನ ವಿಷಯ ಮೂರು ಮಕ್ಕಳಿಗೆ ಗೊತ್ತಿತ್ತು! ಒಬ್ಬನ ಅಪ್ಪ ಆ ಕಾಲುವೆ ಕೆಲಸಕ್ಕೆ ಹೋಗಿದ್ದರಂತೆ. ಬಿಂದಿಗೆ ಮಾತು ಹೇಳಿದಾಗ ಹೆಣ್ಣುಮಕ್ಕಳು ಥಟ್ಟನೆ ಹಿಡಿದರು. ಪ್ರಶ್ನೆ ಕೇಳಿದವಳು ಮತ್ತೆ ಎದ್ದು, "ಹಂಗಾದ್ರೆ ಸರ್, ಕೋಡಿ ಬೀಳೋದೂ ಒಳ್ಳೇ ಸುದ್ದಿ ಅಂತ ಹೇಳಕ್ಕಾಗಲ್ಲ, ಎಷ್ಟು ದಿನದಲ್ಲಿ ಎಷ್ಟು ಮಳೆ ಬಂತು ಅಂತ ನೋಡಬೇಕು" ಅಂದಳು. ನಾನು ಇದನ್ನು ಹೇಳಿಕೊಟ್ಟಿರಲಿಲ್ಲ.

ಈಗ ಮಳೆ ಅಳೆಯಲು ಎಲ್ಲರೂ ತಯಾರು. ಎರಡು ಲೀಟರ್ ಬಾಟಲಿ ಕತ್ತರಿಸಿ ಮಾಡೋಣ ಅಂತಿದ್ದೇವೆ. ಎರಡು ತೊಂದರೆ. ಬಾಟಲಿಯ ತಳ ಉಬ್ಬು ತಗ್ಗು ಇದೆ, ಸ್ಕೇಲ್ ಎಲ್ಲಿಂದ ಹಿಡಿಯಬೇಕು? ಭಾನುವಾರ, ರಜೆಯಲ್ಲಿ ಯಾರು ನೋಡುವುದು?

ನಿವೃತ್ತ ಹೆಡ್‌ಮೇಷ್ಟ್ರು (6:20)

ತಳದಲ್ಲಿ ಸಣ್ಣ ಕಲ್ಲು ಹಾಕಿ. ಬಾಟಲಿ ನೆಟ್ಟಗಾಗುವ ಜಾಗದವರೆಗೆ ನೀರು ತುಂಬಿ. ಅಲ್ಲಿ ಗೆರೆ ಎಳೆದು ಸೊನ್ನೆ ಅಂತ ಬರೆಯಿರಿ. ಮೇಲಕ್ಕೆ ಮಿಲಿಮೀಟರ್ ಗುರುತು. ಕತ್ತರಿಸಿದ ಬಾಯಿಯನ್ನು ತಲೆಕೆಳಗೆ ಮಾಡಿ ಆಲಿಕೆಯ ಹಾಗೆ ಇಡಿ, ನೀರು ಆವಿಯಾಗುವುದು ಕಡಿಮೆಯಾಗುತ್ತದೆ. ಮರದ ಕೆಳಗೆ, ಗೋಡೆ ಪಕ್ಕ ಇಡಬೇಡಿ. ಗಾಳಿಗೆ ಬೀಳದ ಹಾಗೆ ಇಟ್ಟಿಗೆಯ ನಡುವೆ ನಿಲ್ಲಿಸಿ. ದಿನಾ ಬೆಳಿಗ್ಗೆ 8:30ಕ್ಕೆ ನೋಡಿ, ಹವಾಮಾನ ಇಲಾಖೆಯವರು ಅಳೆಯುವ ಹೊತ್ತೂ ಅದೇ. ನೋಡಿದ ಮೇಲೆ ನೀರನ್ನು ಮತ್ತೆ ಸೊನ್ನೆ ಗೆರೆಗೆ ತನ್ನಿ.

ಭಾನುವಾರಕ್ಕೆ ಶಾಲೆ ಪಕ್ಕದ ಮನೆಯ ಮಗುವಿಗೆ ಹೇಳಿ. ನಮ್ಮಲ್ಲಿ ಆರನೇ ತರಗತಿಯ ಒಬ್ಬ ಹುಡುಗ ಮೂರು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ದೀಪಾವಳಿಯ ದಿನವೂ ಎಣ್ಣೆ ತಲೆಯಲ್ಲೇ ಬಂದಿದ್ದ.

ಎಲ್ ನಿನೋ (6:26)

ಪಂಚಾಯಿತಿ ಮಾಪಕದ ಅಂಕಿಗೂ ನಿಮ್ಮದಕ್ಕೂ ತಾಳೆ ಆಗದಿದ್ದರೆ ಗಾಬರಿ ಆಗಬೇಡಿ. ಎತ್ತಿನ ಒಂದು ಕೊಂಬಿಗೆ ಮಳೆ, ಇನ್ನೊಂದಕ್ಕೆ ಬಿಸಿಲು ಅಂತಾರಲ್ಲ, ಹಾಗೆ. ಎರಡನ್ನೂ ಬರೆದಿಡಿ.

ಒಬ್ಬ ತಂದೆ (6:48)

ಬಾಟಲಿ ಎಷ್ಟು ಅಗಲ ಇರಬೇಕು ಸರ್? ಮಗ ಪಕ್ಕದಲ್ಲೇ ಕತ್ತರಿ ಹಿಡಿದು ಕೂತಿದ್ದಾನೆ.

ನಿವೃತ್ತ ಹೆಡ್‌ಮೇಷ್ಟ್ರು (6:51)

ಅಗಲ ಎಷ್ಟಿದ್ದರೂ ನಡೆಯುತ್ತದೆ, ಮೇಲಿಂದ ಕೆಳಗೆ ಒಂದೇ ಸಮ ಇರಬೇಕು, ಆಲಿಕೆಯ ಬಾಯಿಯೂ ಅಷ್ಟೇ ಅಗಲ ಇರಬೇಕು. ಕತ್ತರಿಸುವಾಗ ನೀವು ಬಾಟಲಿ ಹಿಡಿದುಕೊಳ್ಳಿ, ಅಂಚು ಚೂಪಾಗಿರುತ್ತದೆ.